ಕರ್ನಾಟಕದಲ್ಲಿ ಕ್ರಿಕೆಟ್‌ನ ಬೆಳವಣಿಗೆ

ಕರ್ನಾಟಕದಲ್ಲಿ ಕ್ರಿಕೆಟ್ ಆಟವು ಹತ್ತೊಂಬತ್ತನೆಯ ಶತಮಾನದಲ್ಲಿ ಬೆಂಗಳೂರಿನ ದಂಡು ಪ್ರದೇಶದ ಬ್ರಿಟಿಷ್ ಸೈನಿಕರ ಮೂಲಕ ನೆಲೆಯೂರಿತು. ಇಪ್ಪತ್ತನೆಯ ಶತಮಾನದಲ್ಲಿ ಕಾಲೇಜುಗಳು ಹಾಗೂ ನಗರದ ಕ್ಲಬ್ಬುಗಳ ಆಶ್ರಯದಲ್ಲಿ ಬೆಳೆದು, ಕ್ರಮೇಣ ಜಿಲ್ಲಾ ಕೇಂದ್ರಗಳಿಗೂ ಹಳ್ಳಿಗಳ ಗದ್ದೆಬಯಲಿಗೂ ಹರಡಿತು. ಇಲ್ಲಿನ ಪ್ರಥಮ ದರ್ಜೆಯ ತಂಡವು 1973ರವರೆಗೆ ಮೈಸೂರು ಎಂಬ ಹೆಸರಿನಲ್ಲಿಯೂ ಆನಂತರ ಕರ್ನಾಟಕ ಎಂಬ ಹೆಸರಿನಲ್ಲಿಯೂ ರಣಜಿ ಟ್ರೋಫಿಯಲ್ಲಿ ಆಡುತ್ತ ಬಂದಿದ್ದು, 2014-15ರವರೆಗೆ ಎಂಟು ಬಾರಿ ಆ ಟ್ರೋಫಿಯನ್ನು ಗೆದ್ದಿದೆ. ಈ ಬೆಳವಣಿಗೆಯಲ್ಲಿ ಹಳೆ ಮೈಸೂರು ಪ್ರಾಂತ್ಯದ, ವಿಶೇಷವಾಗಿ ಇಂದಿನ ಮಂಡ್ಯ ಜಿಲ್ಲೆಯ, ಸಂಬಂಧವು ಮೇಲ್ನೋಟಕ್ಕೆ ತೋರುವುದಕ್ಕಿಂತ ಹಳೆಯದು.

ಹಿನ್ನೆಲೆ

1799ರಲ್ಲಿ ಟಿಪ್ಪು ಸುಲ್ತಾನನ ಮರಣಾನಂತರ ಬ್ರಿಟಿಷರ ಸೈನ್ಯವು ಶ್ರೀರಂಗಪಟ್ಟಣದಲ್ಲಿಯೇ ಬೀಡುಬಿಟ್ಟಿತ್ತು. ಕಾವೇರಿಯ ನಡುಗಡ್ಡೆಯಾದ ಈ ಪಟ್ಟಣದಲ್ಲಿ ಜ್ವರದ ಬಾಧೆ ವಿಪರೀತವಾಗಿದ್ದು, ಸೈನಿಕರು ಹೆಚ್ಚಿನ ಸಂಖ್ಯೆಯಲ್ಲಿ ಸಾವಿಗೀಡಾಗುತ್ತಿದ್ದರು. ಆದ್ದರಿಂದ 1809ರ ವೇಳೆಗೆ ಸೈನ್ಯದ ನೆಲೆಯನ್ನು ತಂಪು ಹವೆಯ ಬೆಂಗಳೂರಿಗೆ ವರ್ಗಾಯಿಸಲಾಯಿತು. ಹೀಗೆ ಹುಟ್ಟಿದ ದಂಡು ಪ್ರದೇಶವೇ ಮುಂದೆ ಕರ್ನಾಟಕದ ಕ್ರಿಕೆಟ್‌ಗೆ ತೊಟ್ಟಿಲಾಯಿತು. ಶ್ರೀರಂಗಪಟ್ಟಣದ ಸೊಳ್ಳೆಗಳು ಅಷ್ಟು ಉಗ್ರವಾಗಿರದಿದ್ದರೆ ಆಟದ ಕೇಂದ್ರವು ಎಲ್ಲಿರುತ್ತಿತ್ತು ಎಂಬುದು ಊಹೆಯ ಮಾತು. ಆದರೆ ಸೈನ್ಯದೊಡನೆ ಕವಾಯತು ಮೈದಾನವೂ, ಮೈದಾನದೊಡನೆ ಆಟವೂ ಬೆಂಗಳೂರಿಗೆ ಸೇರಿದವೆಂಬುದು ಸ್ಪಷ್ಟ. ಇಂದಿನ ಚಿನ್ನಸ್ವಾಮಿ ಕ್ರೀಡಾಂಗಣವು ಕಬ್ಬನ್ ಉದ್ಯಾನಕ್ಕೂ ಹಳೆಯ ದಂಡಿನ ಪರೇಡ್ ಮೈದಾನಕ್ಕೂ ಹೊಂದಿಕೊಂಡಂತೆಯೇ ಇದೆ.

ಆರಂಭದಲ್ಲಿ ಆಟವು ಸೈನ್ಯಾಧಿಕಾರಿಗಳಿಗೆ ಮೀಸಲಾಗಿತ್ತು. ಸ್ಥಳೀಯರು ಅದನ್ನು ಕಲಿತದ್ದು ಮುಖ್ಯವಾಗಿ ಶಾಲಾಕಾಲೇಜುಗಳಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಮೈದಾನವು ಹಲವು ದಶಕಗಳ ಕಾಲ ರಾಜ್ಯದ ಪ್ರಮುಖ ಪಂದ್ಯಗಳ ಸ್ಥಳವಾಗಿತ್ತು. ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ ಮಾತ್ರ ಬ್ಯಾಟು ಕೈಗೆ ಸಿಗುತ್ತಿತ್ತು ಎಂಬ ಈ ಸಂಗತಿ ಮುಂದಿನ ನೂರು ವರ್ಷಗಳ ಇತಿಹಾಸವನ್ನು ಬಹುಮಟ್ಟಿಗೆ ನಿರ್ಧರಿಸಿತು.

ಮೈಸೂರು ತಂಡ

ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆಯು 1933ರಲ್ಲಿ ಸ್ಥಾಪನೆಯಾಯಿತು. ಮರುವರ್ಷ ರಣಜಿ ಟ್ರೋಫಿ ಆರಂಭವಾದಾಗ ಆ ಸ್ಪರ್ಧೆಯ ಮೊತ್ತಮೊದಲ ಪಂದ್ಯವನ್ನು ಆಡಿದ ಎರಡು ತಂಡಗಳಲ್ಲಿ ಮೈಸೂರೂ ಒಂದು. 1934ರ ನವೆಂಬರ್ 4ರಂದು ಮದ್ರಾಸಿನ ಚೆಪಾಕ್ ಮೈದಾನದಲ್ಲಿ ನಡೆದ ಆ ಪಂದ್ಯ ಒಂದೇ ದಿನದಲ್ಲಿ ಮುಗಿದುಹೋಯಿತು. ಮೈಸೂರು ತಂಡ 48 ಮತ್ತು 59 ಓಟಗಳಿಗೆ ಕುಸಿದು, 130 ಓಟ ಗಳಿಸಿದ್ದ ಮದ್ರಾಸಿಗೆ ಇನ್ನಿಂಗ್ಸ್ ಮತ್ತು 23 ಓಟಗಳಿಂದ ಸೋತಿತು. ಮದ್ರಾಸಿನ ಎ. ಜಿ. ರಾಮ್‌ಸಿಂಗ್ ಒಬ್ಬರೇ 11 ವಿಕೆಟ್ ಪಡೆದರು.

ಇದಾದ ಏಳು ವರ್ಷಗಳಲ್ಲಿ, ಅಂದರೆ 1941-42ರಲ್ಲಿ, ಮೈಸೂರು ಅಂತಿಮ ಪಂದ್ಯವನ್ನು ತಲುಪಿತಾದರೂ ಬೊಂಬಾಯಿಯ ಎದುರು ದೊಡ್ಡ ಅಂತರದಿಂದ ಸೋತಿತು. 1959-60ರಲ್ಲಿಯೂ ಅದೇ ಎದುರಾಳಿ, ಅದೇ ಫಲ. 1956ರ ರಾಜ್ಯ ಪುನರ್ವಿಂಗಡಣೆಯಿಂದ ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳೂ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳೂ ಮೈಸೂರು ರಾಜ್ಯಕ್ಕೆ ಸೇರಿದವು. ತಂಡದ ಹೆಸರು ಮಾತ್ರ ಬದಲಾಗಲಿಲ್ಲ.

ಚಾಪೆಯ ಪಿಚ್ ಮತ್ತು ಸ್ಪಿನ್ ಬೌಲಿಂಗ್

ಮೈಸೂರು ರಾಜ್ಯದ ಲೀಗ್ ಪಂದ್ಯಗಳು ದೀರ್ಘಕಾಲ ನಡೆದದ್ದು ಹುಲ್ಲಿನ ಪಿಚ್ಚುಗಳ ಮೇಲಲ್ಲ. ಗಟ್ಟಿ ಮಣ್ಣಿನ ನೆಲದ ಮೇಲೆ ತೆಂಗಿನ ನಾರಿನ ಚಾಪೆಯನ್ನು ಬಿಗಿಯಾಗಿ ಎಳೆದು, ಅಂಚುಗಳಿಗೆ ಮೊಳೆ ಹೊಡೆದು ಆಡಲಾಗುತ್ತಿತ್ತು. ಹುಲ್ಲಿನ ಪಿಚ್ಚನ್ನು ಬೆಳೆಸಿ ಉಳಿಸಿಕೊಳ್ಳಲು ನೀರು, ರೋಲರ್, ಆಳು ಮತ್ತು ಹಣ ಬೇಕು. ಚಾಪೆಗೆ ಅಷ್ಟೊಂದು ಖರ್ಚಿಲ್ಲ, ಆಟ ಮುಗಿದ ಮೇಲೆ ಸುತ್ತಿ ಒಳಗಿಡಬಹುದು.

ಈ ಚಾಪೆಯ ಒರಟು ಮೈ ಚೆಂಡನ್ನು ಹಿಡಿದು ತಿರುಗಿಸುತ್ತದೆ ಮತ್ತು ಹೆಚ್ಚು ಪುಟಿಸುತ್ತದೆ. ಆದ್ದರಿಂದ ಬೆರಳು ಮತ್ತು ಮಣಿಕಟ್ಟಿನ ಚಳಕವುಳ್ಳ ಬೌಲರಿಗೆ ಅದು ಒಳ್ಳೆಯ ಪಾಠಶಾಲೆ. ದಾಂಡಿಗನಿಗೂ ಅದರಿಂದ ಲಾಭವಿತ್ತು. ಚೆಂಡು ಎಷ್ಟು ಪುಟಿಯುವುದೆಂಬ ಭರವಸೆ ಇರುವುದರಿಂದ ಹಿಂಗಾಲಿನ ಮೇಲೆ ನಿಂತು ಕಟ್ ಮಾಡುವ ಹೊಡೆತ ಸುಲಭವಾಗಿ ರೂಢಿಯಾಗುತ್ತಿತ್ತು. ಗುಂಡಪ್ಪ ವಿಶ್ವನಾಥ್ ಅವರ ಪ್ರಸಿದ್ಧ ಸ್ಕ್ವೇರ್ ಕಟ್ ಇಂಥ ಪಿಚ್ಚುಗಳ ಮೇಲೆಯೇ ರೂಪುಗೊಂಡದ್ದು. ಕರ್ನಾಟಕದ ಕ್ರಿಕೆಟ್‌ಗೆ ವಿಶಿಷ್ಟವೆನಿಸಿದ ಶೈಲಿಗೆ ಪ್ರತಿಭೆಯಷ್ಟೇ ಬಡತನವೂ ಕಾರಣವೆಂದರೆ ತಪ್ಪಾಗದು.

ಎರಪಳ್ಳಿ ಪ್ರಸನ್ನ ಅವರು 1962ರ ಜನವರಿಯಲ್ಲಿ ಇಂಗ್ಲೆಂಡ್ ವಿರುದ್ಧ ಮದ್ರಾಸಿನಲ್ಲಿ ಟೆಸ್ಟ್ ಪ್ರವೇಶ ಮಾಡಿ, ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸಕ್ಕೂ ಹೋಗಿಬಂದರು. ಆನಂತರ ಸುಮಾರು ಐದು ವರ್ಷ ಅವರು ಟೆಸ್ಟ್ ಆಡಲಿಲ್ಲ. ಈ ಅವಧಿಯಲ್ಲಿ ಅವರು ಮೈಸೂರಿನ ರಾಷ್ಟ್ರೀಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪದವಿಯನ್ನು ಪೂರ್ಣಗೊಳಿಸಿದರು. ಕ್ರಿಕೆಟ್‌ನಿಂದ ಜೀವನ ಸಾಗದ ಕಾಲದಲ್ಲಿ ಮಧ್ಯಮವರ್ಗದ ಕುಟುಂಬಗಳ ಆದ್ಯತೆ ಹೀಗೆಯೇ ಇರುತ್ತಿತ್ತು. ಹಿಂದಿರುಗಿದ ಪ್ರಸನ್ನ 49 ಟೆಸ್ಟ್‌ಗಳಲ್ಲಿ 189 ವಿಕೆಟ್ ಗಳಿಸಿದರು.

ಮೈಸೂರಿನಲ್ಲಿ 1945ರಲ್ಲಿ ಜನಿಸಿದ ಭಾಗವತ್ ಚಂದ್ರಶೇಖರ್ ಅವರ ಬಲಗೈ ಬಾಲ್ಯದಲ್ಲಿಯೇ ಪೋಲಿಯೋದಿಂದ ಕೃಶವಾಗಿತ್ತು. ಅದೇ ಕೈಯಿಂದ ಅವರು ವೇಗದ ಗೂಗ್ಲಿ ಮತ್ತು ಟಾಪ್ ಸ್ಪಿನ್ ಎಸೆತಗಳನ್ನು ಹಾಕಿ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದರು. 1971ರ ಆಗಸ್ಟ್‌ನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ 38 ಓಟಗಳಿಗೆ 6 ವಿಕೆಟ್ ಪಡೆದು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದ್ದರಿಂದ, ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಜಯ ಹಾಗೂ ಸರಣಿ ಜಯ ದೊರೆತವು. ಬ್ಯಾಟಿಂಗ್‌ನಲ್ಲಿ ಅವರ ಜೀವಮಾನದ ಟೆಸ್ಟ್ ಗಳಿಕೆ 167 ಓಟಗಳು ಮಾತ್ರ, ಅಂದರೆ ಪಡೆದ ವಿಕೆಟ್‌ಗಳಿಗಿಂತ ಕಡಿಮೆ.

ಭದ್ರಾವತಿಯಲ್ಲಿ ಹುಟ್ಟಿದ ವಿಶ್ವನಾಥ್ 1967-68ರಲ್ಲಿ ಆಂಧ್ರದ ವಿರುದ್ಧ ತಮ್ಮ ಮೊದಲ ಪ್ರಥಮ ದರ್ಜೆ ಪಂದ್ಯದಲ್ಲಿಯೇ 230 ಓಟ ಹೊಡೆದರು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ಆಡಿದ ಮೊದಲ ಟೆಸ್ಟ್‌ನಲ್ಲಿ ಅವರು ಮೊದಲ ಇನ್ನಿಂಗ್ಸ್‌ನಲ್ಲಿ ಸೊನ್ನೆಗೆ ಔಟಾಗಿ, ಎರಡನೆಯದರಲ್ಲಿ 137 ಗಳಿಸಿದರು.

ಹೆಸರು ಬದಲಾವಣೆ ಮತ್ತು ಮೊದಲ ಟ್ರೋಫಿ

1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂದು ಮರುನಾಮಕರಣವಾಯಿತು. ಕ್ರಿಕೆಟ್ ಸಂಸ್ಥೆಯೂ ಅದೇ ವರ್ಷ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯಾಯಿತು. ಹೊಸ ಹೆಸರಿನ ಮೊದಲ ಋತುವಿನಲ್ಲಿಯೇ ತಂಡ ರಣಜಿ ಟ್ರೋಫಿಯನ್ನು ಗೆದ್ದಿತು. ಅದಕ್ಕೂ ಹಿಂದಿನ ಹದಿನೈದು ವರ್ಷ, ಅಂದರೆ 1958-59ರಿಂದ 1972-73ರವರೆಗೆ, ಬೊಂಬಾಯಿ ತಂಡವು ಆ ಟ್ರೋಫಿಯನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಬೆಂಗಳೂರಿನಲ್ಲಿ ನಡೆದ ಉಪಾಂತ್ಯ ಪಂದ್ಯದಲ್ಲಿ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ಓಟ ಗಳಿಸಿದರು. ನಾಯಕ ಪ್ರಸನ್ನ, ಸುನಿಲ್ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದ ಎಸೆತವನ್ನು ಅಂದಿನ ಪ್ರೇಕ್ಷಕರು ಇಂದಿಗೂ ನೆನೆಯುವುದುಂಟು. ಮೊದಲ ಇನ್ನಿಂಗ್ಸ್‌ನ ಮುನ್ನಡೆಯ ಆಧಾರದಲ್ಲಿ ಕರ್ನಾಟಕ ಗೆದ್ದಿತು. ಅಂತಿಮ ಪಂದ್ಯ ಜೈಪುರದಲ್ಲಿ ರಾಜಸ್ಥಾನದ ಎದುರು ನಡೆಯಿತು. ಬೊಂಬಾಯಿಯನ್ನು ಮಣಿಸಿದ ಮೇಲೆ ಅದು ಹೆಚ್ಚು ಕಷ್ಟವಾಗಲಿಲ್ಲ.

1977-78 ಮತ್ತು 1982-83ರಲ್ಲಿ ತಂಡವು ಮತ್ತೆ ಟ್ರೋಫಿ ಗೆದ್ದಿತು. ಇವುಗಳ ನಡುವೆ 1981-82ರ ಅಂತಿಮ ಪಂದ್ಯ ವಿಚಿತ್ರವಾದದ್ದು. ದೆಹಲಿಯಲ್ಲಿ ಕರ್ನಾಟಕ 705 ಓಟ ಗಳಿಸಿಯೂ ಸೋತಿತು. ದೆಹಲಿ ತಂಡ 8 ವಿಕೆಟ್‌ಗೆ 707 ಗಳಿಸಿ ಮೊದಲ ಇನ್ನಿಂಗ್ಸ್‌ನ ಮುನ್ನಡೆ ಪಡೆದುಬಿಟ್ಟಿತ್ತು. 1983ರ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿ ಕರ್ನಾಟಕದ ಇಬ್ಬರಿದ್ದರು. ರೋಜರ್ ಬಿನ್ನಿ 18 ವಿಕೆಟ್‌ಗಳೊಂದಿಗೆ ಆ ಸ್ಪರ್ಧೆಯಲ್ಲಿ ಅತಿ ಹೆಚ್ಚು ವಿಕೆಟ್ ಪಡೆದರೆ, ಸೈಯದ್ ಕಿರ್ಮಾನಿ ವಿಕೆಟ್‌ಕೀಪರ್ ಆಗಿದ್ದರು.

ಎಂ. ಚಿನ್ನಸ್ವಾಮಿ ಮತ್ತು ಕ್ರೀಡಾಂಗಣ

ಸ್ವಂತ ಮೈದಾನವಿಲ್ಲದೆ ಕಾಲೇಜಿನ ಬಯಲನ್ನು ನೆಚ್ಚಿಕೊಂಡಿದ್ದ ಸಂಸ್ಥೆಗೆ ಕ್ರೀಡಾಂಗಣವನ್ನು ಕಟ್ಟಿಸಿಕೊಟ್ಟವರಲ್ಲಿ ಎಂ. ಚಿನ್ನಸ್ವಾಮಿ ಅವರು ಪ್ರಮುಖರು. 1900ರಲ್ಲಿ ಮಂಡ್ಯದಲ್ಲಿ ಜನಿಸಿದ ಅವರು ವೃತ್ತಿಯಿಂದ ವಕೀಲರು. ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆಯ ಸ್ಥಾಪಕ ಸದಸ್ಯರಲ್ಲೊಬ್ಬರಾಗಿ, 1977ರಿಂದ 1980ರವರೆಗೆ ಭಾರತ ಕ್ರಿಕೆಟ್ ನಿಯಂತ್ರಣ ಮಂಡಳಿಯ ಅಧ್ಯಕ್ಷರೂ ಆಗಿದ್ದರು. ಕ್ರೀಡಾಂಗಣಕ್ಕೆ 1970ರಲ್ಲಿ ಅಡಿಗಲ್ಲು ಹಾಕಲಾಯಿತು. 1974ರ ನವೆಂಬರ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಮೊದಲ ಟೆಸ್ಟ್ ನಡೆದಾಗ ಕಟ್ಟಡದ ಕೆಲಸ ಇನ್ನೂ ಮುಗಿದಿರಲಿಲ್ಲ. ವಿವಿಯನ್ ರಿಚರ್ಡ್ಸ್ ಮತ್ತು ಗಾರ್ಡನ್ ಗ್ರೀನಿಜ್ ಇಬ್ಬರೂ ಟೆಸ್ಟ್ ಪ್ರವೇಶ ಮಾಡಿದ್ದು ಈ ಪಂದ್ಯದಲ್ಲಿಯೇ. ಕ್ರೀಡಾಂಗಣಕ್ಕೆ ಮುಂದೆ ಅವರ ಹೆಸರನ್ನೇ ಇಡಲಾಯಿತು. ಆ ಹೆಸರು ಮಂಡ್ಯದವರೊಬ್ಬರದೆಂಬುದು ಆ ಜಿಲ್ಲೆಯಲ್ಲಿಯೇ ಬಹಳ ಮಂದಿಗೆ ತಿಳಿದಂತಿಲ್ಲ.

ಸ್ಪಿನ್ನಿನಿಂದ ವೇಗಕ್ಕೆ

ಹುಲ್ಲಿನ ಪಿಚ್ಚುಗಳು ಹೆಚ್ಚಿದಂತೆ ರಾಜ್ಯದ ಬೌಲಿಂಗ್‌ನ ಸ್ವರೂಪವೂ ಬದಲಾಯಿತು. 1969ರಲ್ಲಿ ಮೈಸೂರಿನಲ್ಲಿ ಜನಿಸಿದ ಜಾವಗಲ್ ಶ್ರೀನಾಥ್ ಅಲ್ಲಿನ ಮರಿಮಲ್ಲಪ್ಪ ಪ್ರೌಢಶಾಲೆ ಮತ್ತು ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. ಕ್ಲಬ್ ಪಂದ್ಯವೊಂದರಲ್ಲಿ ಅವರ ವೇಗವನ್ನು ಗುರುತಿಸಿದವರು ವಿಶ್ವನಾಥ್. ಹೈದರಾಬಾದ್ ವಿರುದ್ಧ ತಮ್ಮ ಮೊದಲ ರಣಜಿ ಪಂದ್ಯದಲ್ಲಿ ಹ್ಯಾಟ್ರಿಕ್ ಸಾಧಿಸಿದ ಶ್ರೀನಾಥ್, ಮುಂದೆ 67 ಟೆಸ್ಟ್‌ಗಳಲ್ಲಿ 236 ಮತ್ತು ಏಕದಿನ ಪಂದ್ಯಗಳಲ್ಲಿ 315 ವಿಕೆಟ್ ಪಡೆದರು. ವೆಂಕಟೇಶ್ ಪ್ರಸಾದ್, ಡೇವಿಡ್ ಜಾನ್ಸನ್, ದೊಡ್ಡ ಗಣೇಶ್ ಅದೇ ದಶಕದಲ್ಲಿ ಭಾರತಕ್ಕೆ ಆಡಿದ ವೇಗದ ಬೌಲರುಗಳು. 1990ರ ದಶಕದ ಮಧ್ಯಭಾಗದಲ್ಲಿ ಭಾರತ ತಂಡದಲ್ಲಿ ಒಮ್ಮೆಗೇ ಕರ್ನಾಟಕದ ನಾಲ್ಕೈದು ಮಂದಿ ಇರುತ್ತಿದ್ದುದು ಸಾಮಾನ್ಯವಾಗಿತ್ತು.

1996ರ ಅಕ್ಟೋಬರ್ 21ರಂದು ಬೆಂಗಳೂರಿನಲ್ಲಿ ಆಸ್ಟ್ರೇಲಿಯದ ವಿರುದ್ಧ ಭಾರತವು 8 ವಿಕೆಟ್‌ಗೆ 164 ಓಟಗಳಲ್ಲಿ ತತ್ತರಿಸುತ್ತಿದ್ದಾಗ, ಶ್ರೀನಾಥ್ ಮತ್ತು ಅನಿಲ್ ಕುಂಬ್ಳೆ ಮುರಿಯದ ಒಂಬತ್ತನೆಯ ವಿಕೆಟ್‌ಗೆ 52 ಓಟ ಸೇರಿಸಿ ಪಂದ್ಯ ಗೆಲ್ಲಿಸಿದರು. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು 74 ಓಟಗಳಿಗೆ ಕುಂಬ್ಳೆ ಪಡೆದಾಗ, ಅವರ ಹತ್ತನೆಯ ವಿಕೆಟ್‌ಗೆ ಅಡ್ಡಿಯಾಗದಿರಲೆಂದು ಇನ್ನೊಂದು ತುದಿಯಿಂದ ಬೇಕೆಂದೇ ವಿಕೆಟ್ಟಿನಿಂದಾಚೆ ಎಸೆದವರೂ ಶ್ರೀನಾಥ್. ಕುಂಬ್ಳೆ 619 ಟೆಸ್ಟ್ ವಿಕೆಟ್‌ಗಳನ್ನೂ ರಾಹುಲ್ ದ್ರಾವಿಡ್ 13,288 ಟೆಸ್ಟ್ ಓಟಗಳನ್ನೂ ಗಳಿಸಿ ನಿವೃತ್ತರಾದರು. 1995-96, 1997-98, 1998-99ರಲ್ಲಿ ರಣಜಿ ಟ್ರೋಫಿ ಕರ್ನಾಟಕದ ಪಾಲಾಯಿತು.

ಗಮನಿಸಬೇಕಾದ ಒಂದಂಶವೆಂದರೆ, ಪ್ರಸನ್ನ, ಶ್ರೀನಾಥ್, ಕುಂಬ್ಳೆ ಮೂವರೂ ಎಂಜಿನಿಯರಿಂಗ್ ಪದವೀಧರರು. ಆಟವು ಸೈನ್ಯದಿಂದ ಕಾಲೇಜಿಗೆ ಬಂದಿತ್ತು. ಕಾಲೇಜಿನಾಚೆಗೆ ಹೋಗಲು ಇನ್ನೂ ಸಮಯ ಬೇಕಾಯಿತು.

ಮಹಿಳಾ ಕ್ರಿಕೆಟ್

ಭಾರತ ಮಹಿಳಾ ತಂಡವು ತನ್ನ ಮೊದಲ ಟೆಸ್ಟನ್ನು 1976ರಲ್ಲಿ ಬೆಂಗಳೂರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಆಡಿತು. ನಾಯಕಿಯಾಗಿದ್ದವರು ಕರ್ನಾಟಕದ ಶಾಂತಾ ರಂಗಸ್ವಾಮಿ. ಅದೇ ಸರಣಿಯಲ್ಲಿ ಪಟ್ನಾದಲ್ಲಿ ತಂಡಕ್ಕೆ ಮೊದಲ ಜಯ ದೊರೆಯಿತು. 1977ರಲ್ಲಿ ನ್ಯೂಜಿಲೆಂಡ್‌ನ ಡ್ಯುನೆಡಿನ್‌ನಲ್ಲಿ 108 ಓಟ ಗಳಿಸಿದ ಶಾಂತಾ, ಟೆಸ್ಟ್ ಶತಕ ಹೊಡೆದ ಮೊದಲ ಭಾರತೀಯ ಮಹಿಳೆಯಾದರು. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತಗಳಲ್ಲಿ 70 ಓಟ ಗಳಿಸಿದರೆ, ವಿಜಯಪುರದ ರಾಜೇಶ್ವರಿ ಗಾಯಕವಾಡ 15 ಓಟಗಳಿಗೆ 5 ವಿಕೆಟ್ ಪಡೆದು ಭಾರತವನ್ನು ಉಪಾಂತ್ಯಕ್ಕೆ ಕೊಂಡೊಯ್ದರು. ಒಬ್ಬರು ಮಲೆನಾಡಿನ ಅಂಚಿನ ಪಟ್ಟಣದವರು, ಇನ್ನೊಬ್ಬರು ಬಯಲುಸೀಮೆಯವರು. ಬೆಂಗಳೂರಿನವರಿಬ್ಬರೂ ಅಲ್ಲ.

ಕನ್ನಡದ ಕ್ರಿಕೆಟ್ ಪದಗಳು

ಆಟವು ಇಂಗ್ಲಿಷಿನೊಡನೆ ಬಂದಿದ್ದರೂ ಅದನ್ನು ಹಳ್ಳಿಗೆ ತಲುಪಿಸಿದ್ದು ಕನ್ನಡ. ಪತ್ರಿಕೆಗಳು ಬ್ಯಾಟ್ಸ್‌ಮನ್‌ಗೆ ದಾಂಡಿಗ, ವಿಕೆಟ್‌ಗೆ ಹುದ್ದರಿ, ವಿಕೆಟ್‌ಕೀಪರ್‌ಗೆ ಗೂಟರಕ್ಷಕ ಎಂದು ಬರೆದವು. ಓಟ, ಎಸೆತ, ಶತಕ, ಮುನ್ನಡೆ ಮೊದಲಾದವು ಆಡುಮಾತಿನಲ್ಲಿಯೂ ನಿಂತವು. ಹುದ್ದರಿಯೂ ಗೂಟರಕ್ಷಕನೂ ಕಾಲಕ್ರಮದಲ್ಲಿ ಮರೆಯಾದರು. ಆಕಾಶವಾಣಿಯ ಕನ್ನಡ ವೀಕ್ಷಕ ವಿವರಣೆಯು, ಇಂಗ್ಲಿಷ್ ಬಾರದ ಕೇಳುಗರಿಗೂ ಮೈದಾನದ ಚಿತ್ರವನ್ನು ಕಟ್ಟಿಕೊಟ್ಟಿತು. ಟ್ರಾನ್ಸಿಸ್ಟರ್ ರೇಡಿಯೊ ಹೊಲಕ್ಕೆ ಹೋದ ಮೇಲೆ ಕ್ರಿಕೆಟ್ಟೂ ಹೊಲಕ್ಕೆ ಹೋಯಿತು.

ಜಿಲ್ಲೆಗಳಿಗೆ ವಿಸ್ತರಣೆ

ರಾಜ್ಯ ಕ್ರಿಕೆಟ್ ಸಂಸ್ಥೆಯು ಬೆಂಗಳೂರಿನಾಚೆಗಿನ ಪ್ರದೇಶವನ್ನು ಮೈಸೂರು, ಮಂಗಳೂರು, ಶಿವಮೊಗ್ಗ, ತುಮಕೂರು, ಧಾರವಾಡ, ರಾಯಚೂರು ವಲಯಗಳಾಗಿ ವಿಂಗಡಿಸಿ, ವಲಯ ಮಟ್ಟದ ಲೀಗ್ ಮತ್ತು ಕಿರಿಯರ ಪಂದ್ಯಗಳನ್ನು ನಡೆಸುತ್ತದೆ. ಗದಗಿನ ಸುನಿಲ್ ಜೋಶಿ ಬಾಲ್ಯದಲ್ಲಿ ಅಭ್ಯಾಸಕ್ಕಾಗಿ ನಸುಕಿನಲ್ಲಿಯೇ ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ, ಮತ್ತೆ ಗದಗಿಗೆ ಬಂದು ಶಾಲೆಗೆ ಹಾಜರಾಗುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಅವರು 10 ಓವರುಗಳಲ್ಲಿ ಕೇವಲ 6 ಓಟ ಕೊಟ್ಟು 5 ವಿಕೆಟ್ ಪಡೆದರು. ಆಟೋರಿಕ್ಷಾ ಚಾಲಕರ ಮಗನಾದ ದಾವಣಗೆರೆಯ ಆರ್. ವಿನಯ್ ಕುಮಾರ್ ನಾಯಕತ್ವದಲ್ಲಿ ಕರ್ನಾಟಕವು 2013-14 ಮತ್ತು 2014-15ರಲ್ಲಿ ರಣಜಿ, ಇರಾನಿ ಹಾಗೂ ವಿಜಯ್ ಹಜಾರೆ ಟ್ರೋಫಿಗಳನ್ನು ಎರಡೂ ಋತುಗಳಲ್ಲಿ ಗೆದ್ದುಕೊಂಡಿತು. ಎರಡನೆಯ ಋತುವಿನ ರಣಜಿ ಅಂತಿಮ ಪಂದ್ಯದಲ್ಲಿ ತಮಿಳುನಾಡಿನ ವಿರುದ್ಧ ಕರುಣ್ ನಾಯರ್ 328 ಓಟ ಗಳಿಸಿದರು.

ಮೈಸೂರಿನ ಮಾನಸಗಂಗೋತ್ರಿಯ ಗ್ಲೇಡ್ಸ್ ಮೈದಾನದಲ್ಲಿ 2010ರ ಜನವರಿಯಲ್ಲಿ ನಡೆದ ರಣಜಿ ಅಂತಿಮ ಪಂದ್ಯವು ಈ ವಿಸ್ತರಣೆಯ ಕಥೆಯಲ್ಲಿ ಪ್ರತ್ಯೇಕ ಸ್ಥಾನ ಪಡೆದಿದೆ. ಗೆಲ್ಲಲು 338 ಓಟ ಬೇಕಿದ್ದ ಕರ್ನಾಟಕ, ಮನೀಶ್ ಪಾಂಡೆ ಅವರ 144ರ ಬಲದಿಂದ ಗುರಿಯ ಸಮೀಪಕ್ಕೆ ಬಂದು 331ಕ್ಕೆ ಆಲೌಟಾಯಿತು. ಸೋಲಿನ ಅಂತರ 6 ಓಟ. ಸಂಕ್ರಾಂತಿಯ ದಿನ ಮುಗಿದ ಆ ಪಂದ್ಯವನ್ನು ನೋಡಲು ಸುತ್ತಣ ಊರುಗಳಿಂದಲೂ ಜನ ಕಿಕ್ಕಿರಿದು ಸೇರಿದ್ದರು. ರಣಜಿ ಪಂದ್ಯಗಳಿಗೆ ಖಾಲಿ ಆಸನಗಳೇ ರೂಢಿಯಾಗಿದ್ದ ಕಾಲದಲ್ಲಿ ಇದು ಅಪರೂಪದ ದೃಶ್ಯ.

ಇಪ್ಪತ್ತು ಓವರುಗಳ ಯುಗ

2008ರಲ್ಲಿ ಐಪಿಎಲ್, 2009ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಆರಂಭವಾದವು. ಎರಡನೆಯದು ಜಿಲ್ಲೆಗಳ ಆಟಗಾರರಿಗೆ ದೂರದರ್ಶನದ ಪರದೆಯನ್ನು ತೋರಿಸಿತಾದರೂ, 2019ರಲ್ಲಿ ಮೋಸದಾಟದ ಆರೋಪಗಳು ಮತ್ತು ಬಂಧನಗಳಿಂದ ಕಳಂಕಿತವಾಗಿ ನಿಂತುಹೋಯಿತು. 2022ರಿಂದ ಅದರ ಸ್ಥಾನದಲ್ಲಿ ಮಹಾರಾಜ ಟ್ರೋಫಿ ನಡೆಯುತ್ತಿದೆ. 2025ರ ಜೂನ್ 3ರಂದು ಬೆಂಗಳೂರಿನ ಐಪಿಎಲ್ ತಂಡವು ಮೊದಲ ಬಾರಿಗೆ ಪ್ರಶಸ್ತಿ ಗೆದ್ದಿತು. ಮರುದಿನದ ವಿಜಯೋತ್ಸವಕ್ಕೆ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಸೇರಿದ ಜನಸಾಗರದಲ್ಲಿ ಕಾಲ್ತುಳಿತವುಂಟಾಗಿ, ಮಂಡ್ಯ ಜಿಲ್ಲೆಯವರೂ ಸೇರಿದಂತೆ 11 ಜನ ಪ್ರಾಣ ಕಳೆದುಕೊಂಡರು.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ

1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟ ಮಂಡ್ಯ ಜಿಲ್ಲೆಯು ಕ್ರಿಕೆಟ್ ಆಡಳಿತದಲ್ಲಿ ಈಗಲೂ ಮೈಸೂರು ವಲಯಕ್ಕೆ ಸೇರಿದೆ. ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಆಟದ ಸ್ವರೂಪ ಒಂದೇ ತೆರನಾಗಿಲ್ಲ. ಶ್ರೀರಂಗಪಟ್ಟಣ ಮತ್ತು ಪಾಂಡವಪುರ ಬೆಂಗಳೂರು–ಮೈಸೂರು ರೈಲುಮಾರ್ಗದಲ್ಲಿವೆ. ಅಲ್ಲಿನ ಹುಡುಗನೊಬ್ಬ ಬೆಳಿಗ್ಗೆ ಮೈಸೂರಿಗೆ ಹೋಗಿ ಅಭ್ಯಾಸ ಮುಗಿಸಿ ಹಿಂದಿರುಗುವುದು ಸಾಧ್ಯ. ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ಪಟ್ಟಣಗಳಿಗೆ ರೈಲಿಲ್ಲ, ಮೈಸೂರು ಸುಮಾರು 60 ಕಿಲೋಮೀಟರ್ ದೂರ. ಸುನಿಲ್ ಜೋಶಿ ಕ್ರಮಿಸುತ್ತಿದ್ದ ಅಂತರವೇ ಇದಾದರೂ, ನಿತ್ಯವೂ ಬಸ್ಸಿನ ವೇಳೆ ಮತ್ತು ಶಾಲೆಯ ವೇಳೆ ಎರಡನ್ನೂ ಹೊಂದಿಸಿಕೊಳ್ಳುವುದು ಎಲ್ಲ ಕುಟುಂಬಗಳಿಗೂ ಸಾಧ್ಯವಲ್ಲ.

ನಾಲೆಯ ನೀರು ಹರಿಯುವ ಭಾಗಗಳಲ್ಲಿ ಆಟಕ್ಕೂ ಒಂದು ಬೇಸಾಯದ ಪಂಚಾಂಗವಿದೆ. ಭತ್ತದ ಕೊಯ್ಲು ಮುಗಿದು, ಮುಂದಿನ ಬೆಳೆಗೆ ನೀರು ಬಿಡುವವರೆಗಿನ ಬಿಡುವಿನಲ್ಲಿ ಒಣಗಿದ ಗದ್ದೆಯೇ ಮೈದಾನ. ಕೂಳೆಯನ್ನು ಸವರಿ, ಬದುವನ್ನೇ ಬೌಂಡರಿಯೆಂದು ಗೊತ್ತುಮಾಡಿಕೊಂಡು ಆಡುತ್ತಾರೆ. ಚೆಂಡು ಕಬ್ಬಿನ ಗದ್ದೆಗೆ ಬಿದ್ದರೆ ಹುಡುಕುವವರೆಗೆ ಆಟ ನಿಲ್ಲುತ್ತದೆ. ರಾಜ್ಯೋತ್ಸವ, ಸಂಕ್ರಾಂತಿ, ಊರಹಬ್ಬಗಳ ಸಂದರ್ಭದಲ್ಲಿ ಟೆನಿಸ್ ಬಾಲ್ ಪಂದ್ಯಾವಳಿಗಳು ನಡೆಯುತ್ತವೆ. ನಗದು ಮತ್ತು ಟ್ರೋಫಿಯ ಜೊತೆಗೆ ಟಗರನ್ನು ಬಹುಮಾನವಾಗಿ ಇಡುವುದೂ ಉಂಟು.

ಟೆನಿಸ್ ಚೆಂಡಿನಿಂದ ತೊಗಲಿನ ಚೆಂಡಿಗೆ ದಾಟುವುದೇ ಇಲ್ಲಿನ ಆಟಗಾರರಿಗೆ ನಿಜವಾದ ಕಂದಕ. ಟೆನಿಸ್ ಚೆಂಡು ಹಗುರ, ಅದಕ್ಕೆ ಹೊಲಿಗೆಯಿಲ್ಲ. ತೊಗಲಿನ ಚೆಂಡು ಹೊಲಿಗೆಯ ಮೇಲೆ ಬಿದ್ದು ದಿಕ್ಕು ಬದಲಿಸುತ್ತದೆ, ಹಳತಾದಂತೆ ಬೇರೆ ರೀತಿಯಲ್ಲಿ ವರ್ತಿಸುತ್ತದೆ. ಅದಕ್ಕೆ ಪ್ಯಾಡ್, ಗ್ಲೌಸ್, ಹೆಲ್ಮೆಟ್ ಬೇಕು, ಸಮತಟ್ಟಾದ ಪಿಚ್ ಬೇಕು, ತಪ್ಪನ್ನು ತಿದ್ದುವ ತರಬೇತುದಾರ ಬೇಕು. ರಾಜ್ಯದ ಕಿರಿಯರ ತಂಡಗಳ ಆಯ್ಕೆ ಹದಿನಾಲ್ಕು, ಹದಿನಾರರ ವಯಸ್ಸಿನಲ್ಲಿಯೇ ಆರಂಭವಾಗುತ್ತದೆ. ಹಳ್ಳಿಯ ಹುಡುಗನೊಬ್ಬ ಪಿ.ಯು. ಅಥವಾ ಪದವಿ ವ್ಯಾಸಂಗಕ್ಕೆಂದು ಮೈಸೂರಿಗೋ ಮಂಡ್ಯಕ್ಕೋ ಸೇರಿ, ಕಾಲೇಜು ತಂಡದಲ್ಲಿ ಮೊದಲ ಬಾರಿಗೆ ತೊಗಲಿನ ಚೆಂಡನ್ನು ಎದುರಿಸುವ ವೇಳೆಗೆ ಅವನ ಓರಗೆಯ ನಗರದ ಹುಡುಗ ಐದಾರು ವರ್ಷ ಮುಂದಿರುತ್ತಾನೆ. ಹುಡುಗಿಯರ ವಿಷಯದಲ್ಲಿ ಈ ಅಂತರ ಇನ್ನೂ ಹೆಚ್ಚು, ಏಕೆಂದರೆ ಗದ್ದೆಬಯಲಿನ ಪಂದ್ಯಾವಳಿಗಳಲ್ಲಿ ಅವರಿಗೆ ಸ್ಥಳವಿರುವುದು ವಿರಳ.